ಬಸ್ ನಿಂತಾಗ ನೋಡಿದ ಸಿನಿಮಾ

ನಮ್ಮ ಕಂಪನಿ ಬಸ್ಸಿನಲ್ಲಿ ಯಾರೂ ಬರೆದಿಡದ ಒಂದು ಕಾನೂನಿದೆ. ಕೆಲಸಕ್ಕೆ ಸೇರಿದ ದಿನ ಎಲ್ಲಿ ಕೂರುತ್ತೀರೋ ಅದೇ ನಿಮ್ಮ ಸೀಟು, ಕೆಲಸ ಬಿಡುವ ತನಕ. ಎಲೆಕ್ಟ್ರಾನಿಕ್ ಸಿಟಿಯ ಫ್ಯಾಕ್ಟರಿಯಿಂದ ಜಾಲಹಳ್ಳಿ ಕಡೆಗೆ ಹೋಗುವ ಆ ಬಸ್ಸಿನಲ್ಲಿ ಆರು ವರ್ಷ ನನ್ನ ಪಕ್ಕದ ಸೀಟು ಖಾಲಿಯೇ ಇತ್ತು. ನನ್ನದು ಸಿಡುಕು ಮುಖ ಎಂದು ಹುಡುಗಿಯರು ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ. ದಿನಕ್ಕೆ ಎಂಟು ಗಂಟೆ ಭೂತಗನ್ನಡಿ ಹಿಡಿದು ಸರ್ಕ್ಯೂಟ್ ಬೋರ್ಡಿನ ಬೆಸುಗೆಯಲ್ಲಿ ತಪ್ಪು ಹುಡುಕುವವಳ ಮುಖ ಇನ್ನು ಹೇಗಿರಬೇಕು?

ಆ ಸೀಟಿಗೆ ಕೊನೆಗೂ ಒಬ್ಬರು ಬಂದರು. ಸ್ಟೋರ್ಸ್ ವಿಭಾಗಕ್ಕೆ ಹೊಸದಾಗಿ ಸೇರಿದವರು, ನನಗಿಂತ ಒಂದೆರಡು ವರ್ಷ ಚಿಕ್ಕವರಿರಬೇಕು. ಬೆಳಗಿನ ಬಸ್ಸಿನಲ್ಲಿ ಎಲ್ಲರೂ ನಿದ್ದೆ. ಮಧ್ಯಾಹ್ನ ಫಸ್ಟ್ ಶಿಫ್ಟ್ ಮುಗಿಸಿ ಬರುವಾಗ ಅವರು ಫೋನಿನಲ್ಲಿ ಜಪಾನಿ ಸಿನಿಮಾ ಹಾಕಿಕೊಳ್ಳುತ್ತಿದ್ದರು. ನಾನು ಕಿಟಕಿ ನೋಡುವವಳಂತೆ ನಟಿಸುತ್ತಾ ಅದನ್ನೇ ಇಣುಕುತ್ತಿದ್ದೆ.

"ನೋಡ್ತೀರಾ ಮೇಡಂ?" ಎಂದು ಒಂದು ದಿನ ಇಯರ್‌ಫೋನಿನ ಒಂದು ಕಡೆಯನ್ನು ನನಗೆ ಕೊಟ್ಟು, ನನಗೋಸ್ಕರ ಮತ್ತೆ ಮೊದಲಿನಿಂದ ಹಾಕಿದರು.

ಕತೆ ಇಷ್ಟೇ. ದೋಣಿ ಕಟ್ಟೆಯಲ್ಲಿ ಟಿಕೆಟ್ ಕೊಡುವ ಹುಡುಗಿ, ದಿನಾ ಆ ದೋಣಿ ಹತ್ತುವ ಗಡಿಯಾರ ರಿಪೇರಿಯವನು. ಇಬ್ಬರಿಗೂ ಪ್ರೀತಿ, ಇಬ್ಬರೂ ಬಾಯಿ ಬಿಡುವುದಿಲ್ಲ. ತಲೆ ಬಾಗಿಸುತ್ತಾರೆ, ಹೋಗುತ್ತಾರೆ. ಇಷ್ಟು ಹೊತ್ತಿಗೆ ನಮ್ಮ ಸಿನಿಮಾದಲ್ಲಾಗಿದ್ದರೆ ಮೂರು ಹಾಡು, ಒಂದು ಹೊಡೆದಾಟ ಮುಗಿದಿರುತ್ತಿತ್ತು. ಅದು ಮಾಂಗಾ ಎಂಬ ಜಪಾನಿ ಕಾಮಿಕ್ಸ್ ಪುಸ್ತಕದಿಂದ ತೆಗೆದದ್ದಂತೆ. ನನ್ನ ಪಕ್ಕದವರು ಅದನ್ನೂ ಓದಿ ಮುಗಿಸಿದ್ದರು. "ಬುಕ್ಕಲ್ಲಿ ಈ ಸೀನಿಗೆ ಮಳೆ ಇದೆ ಮೇಡಂ, ಇವ್ರು ಒಣಗಿಸ್ಬಿಟ್ಟವ್ರೆ" ಎಂದು ಬೇಜಾರು ಮಾಡಿಕೊಳ್ಳುತ್ತಿದ್ದರು.

ಮಾತು ಜಪಾನಿ, ಕೆಳಗೆ ಇಂಗ್ಲಿಷ್ ಸಬ್‌ಟೈಟಲ್. ಓಡುವ ಬಸ್ಸಿನಲ್ಲಿ ಅಷ್ಟು ಸಣ್ಣ ಅಕ್ಷರ ಓದಿದರೆ ನನಗೆ ಹೊಟ್ಟೆ ತೊಳಸುತ್ತದೆ. ಹಾಗಾಗಿ ಬಸ್ ನಿಂತಾಗ ಮಾತ್ರ ಸಿನಿಮಾ. ಬೊಮ್ಮನಹಳ್ಳಿಯಲ್ಲಿ ನಾಲ್ಕು ನಿಮಿಷ, ಸಿಲ್ಕ್ ಬೋರ್ಡಿನಲ್ಲಿ ಅದೃಷ್ಟವಿದ್ದರೆ ಹತ್ತು. ಬಸ್ ಅಲುಗಾಡಿದ ತಕ್ಷಣ ಅವರ ಹೆಬ್ಬೆರಳು ಸಿನಿಮಾ ನಿಲ್ಲಿಸುತ್ತಿತ್ತು. ಇಡೀ ಬೆಂಗಳೂರು ಟ್ರಾಫಿಕ್ಕಿಗೆ ಶಾಪ ಹಾಕುತ್ತಿದ್ದರೆ ನಾನೊಬ್ಬಳು ಸಿಗ್ನಲ್ ಕೆಂಪಾಗಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಇಂಗ್ಲಿಷ್ ಸಾಲುಗಳು ಮೊದಲ ದಿನ ನಿಜಕ್ಕೂ ನನ್ನ ಕಣ್ಣು ತಪ್ಪಿಸಿ ಓಡಿದವು. ಅವರು ನಿಲ್ಲಿಸಿ, "ಓದ್ಕೊಂಡ್ರಾ?" ಎಂದು ಕೇಳಿ ನನ್ನ ಮುಖ ನೋಡುತ್ತಾ ಕಾದರು. ನಾನು ಬಾಡಿಗೆ ರೂಮಿನಲ್ಲಿ ಒಬ್ಬಳೇ ಇರುವವಳು. ಭಾನುವಾರ ಮನೆ ಓನರ್ ಆಂಟಿ "ನೀರ್ ಬಂತೇನಮ್ಮ?" ಎಂದು ಕೂಗಿದರೆ ಅವತ್ತಿನ ಮಾತು ಮುಗಿಯಿತು. ನನ್ನಿಂದ ಉತ್ತರ ಬರಲಿ ಎಂದು ಒಬ್ಬರು ಹೀಗೆ ಕಾದದ್ದು ಯಾವಾಗಲೋ ನೆನಪಿಲ್ಲ. ಎರಡನೇ ದಿನಕ್ಕೆ ಕಣ್ಣು ಪಳಗಿತು. ಕನ್ನಡ ಮೀಡಿಯಂ ಆದರೇನು, ಕೆಲಸದ ಸೂಚನೆಗಳೆಲ್ಲ ಇಂಗ್ಲಿಷಿನಲ್ಲೇ ಇರುತ್ತವಲ್ಲ. ಆದರೂ ತಲೆಯಾಡಿಸುವುದನ್ನು ತಡ ಮಾಡಿದೆ. ಒಂದೇ ಸಾಲನ್ನು ಮೂರು ಸಲ ಓದಿದವಳಂತೆ ಹುಬ್ಬು ಗಂಟಿಕ್ಕುತ್ತಿದ್ದೆ. "ಓದ್ಕೊಂಡ್ರಾ?" "ಇನ್ನೊಂದು ಸ್ವಲ್ಪ." ಎರಡು ಗಂಟೆಯ ಸಿನಿಮಾ ಮೂರು ವಾರವಾದರೂ ಮುಗಿಯಲಿಲ್ಲ.

ನನಗೆ ಅವರು ಬೇಕಾಗಿದ್ದರು. ಸುತ್ತಿ ಬಳಸಿ ಯಾಕೆ ಹೇಳಲಿ? ಸಿನಿಮಾ ಮುಗಿಯುವುದರೊಳಗೆ ಹೇಳಿಬಿಡಬೇಕು ಎಂದು ನಿಶ್ಚಯ ಮಾಡಿದ್ದೆ. ಅದಕ್ಕೇ ಮುಗಿಯಲು ಬಿಡುತ್ತಿರಲಿಲ್ಲ.

ಆ ಶನಿವಾರ ಅವರು ಫೋನ್ ತೆಗೆಯಲಿಲ್ಲ. ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದರು.

"ಮೇಡಂ, ಸೋಮವಾರದಿಂದ ನಾನು ಸೆಕೆಂಡ್ ಶಿಫ್ಟು. ನಿಮ್ಗೆ ಓದೋದು ಕಷ್ಟ ಆಗ್ತಿತ್ತು, ಗೊತ್ತಾಗ್ತಿತ್ತು ನಂಗೆ. ಉಳಿದಿರೋ ಡೈಲಾಗ್ ಎಲ್ಲಾ ಕನ್ನಡದಲ್ಲಿ ಬರ್ದಿದೀನಿ. ಸಿನಿಮಾನ ನಿಮ್ ಫೋನಿಗೆ ಹಾಕ್ಕೊಡ್ತೀನಿ, ಮನೇಲಿ ಆರಾಮಾಗಿ ನೋಡಿ. ಪಾಪ, ನನ್ ಮುಂದೆ ಎಷ್ಟ್ ಮುಜುಗರ ಪಟ್ರೋ."

ನನಗೆ ಓದಲು ಬರುತ್ತದೆ ಎಂದರೆ ಯಾಕೆ ನಾಟಕ ಆಡಿದೆ ಎಂದು ಹೇಳಬೇಕಾಗುತ್ತಿತ್ತು. ಹೇಳಲು ಸಿಲ್ಕ್ ಬೋರ್ಡಿನಿಂದ ಗೊರಗುಂಟೆಪಾಳ್ಯದವರೆಗೆ ಸಮಯವಿತ್ತು. ಅವತ್ತು ಬಸ್ ಎಲ್ಲ ಸಿಗ್ನಲ್ಲಿನಲ್ಲೂ ನಿಂತಿತು. "ತುಂಬಾ ಥ್ಯಾಂಕ್ಸ್" ಎಂದಷ್ಟೇ ಅಂದೆ. ಗೊರಗುಂಟೆಪಾಳ್ಯದಲ್ಲಿ ಅವರು ಇಳಿದುಹೋದರು.

ಭಾನುವಾರ ರೂಮಿನಲ್ಲಿ ನೋಟ್‌ಬುಕ್ ಬಿಡಿಸಿದೆ. ದುಂಡು ಅಕ್ಷರ. ಪ್ರತಿ ಸಾಲಿನ ಎಡಕ್ಕೆ ಎಷ್ಟನೇ ನಿಮಿಷ ಎಂದು ಬರೆದಿದ್ದರು. ನಲವತ್ತು ಪುಟ. ಇಷ್ಟು ಬರೆಯಲು ಎಷ್ಟು ದಿನ ಹಿಡಿಯಿತೋ. ಇಂಥ ಒಳ್ಳೆಯತನ ತೋರುವವರ ಮೇಲೆ ಇಷ್ಟು ಸಿಟ್ಟು ಬರಬಹುದೆಂದು ನನಗೆ ಗೊತ್ತಿರಲಿಲ್ಲ. ಕೊನೆಯ ಪುಟದಲ್ಲಿ ಹೀಗಿತ್ತು: "ಇನ್ನು ಹನ್ನೊಂದು ನಿಮಿಷ ಮಾತಿಲ್ಲ. ಸುಮ್ಮನೆ ನೋಡಿ." ಅಲ್ಲಿಯವರೆಗೆ ನೋಡಿ ಫೋನ್ ಮಗುಚಿಟ್ಟೆ.

ಬುಧವಾರ ಮಧ್ಯಾಹ್ನ ಗೇಟಿನಲ್ಲಿ ಸಿಕ್ಕರು. ನಾವು ಹೊರಗೆ, ಅವರು ಒಳಗೆ. ಕತ್ತಿನಲ್ಲಿ ಐಡಿ ಕಾರ್ಡು, ಕೈಯಲ್ಲಿ ಟಿಫನ್ ಬಾಕ್ಸು.

"ಸಿನಿಮಾ ಮುಗೀತಾ ಮೇಡಂ?"

"ಇಲ್ಲ. ಕೊನೇ ಹನ್ನೊಂದು ನಿಮಿಷ ನೋಡೋಕಾಗ್ಲಿಲ್ಲ."

"ಅದ್ರಲ್ಲಿ ಓದೋದೇ ಏನೂ ಇಲ್ವಲ್ಲ ಮೇಡಂ!"

"ಅದೇ ಕಷ್ಟ ಆಯ್ತು. ಒಬ್ಳಿಗೇ."

ಇದಕ್ಕಿಂತ ಬಿಡಿಸಿ ಹೇಳಲು ನನ್ನಿಂದಾಗುತ್ತಿರಲಿಲ್ಲ. ಅವರು ಒಂದು ಕ್ಷಣ ನನ್ನನ್ನೇ ನೋಡಿದರು, ಯೋಚಿಸಿದರು. ಆಮೇಲೆ ಅವರ ಮುಖ ಅರಳಿತು.

"ಅಷ್ಟೇ ತಾನೇ? ಏನೇನಾಗುತ್ತೆ ಅಂತ ಅದನ್ನೂ ಬರ್ಕೊಡ್ತೀನಿ ಬಿಡಿ ಮೇಡಂ."

ಸೈರನ್ ಕೂಗಿತು. "ಆಯ್ತು, ಬರ್ಕೊಡಿ" ಎಂದೆ.