ಇಂಜಿನ್ ತಣ್ಣಗಾಗುವವರೆಗೆ

ಬೈಕಿನ ವಿಷಯದಲ್ಲಿ ನಾನು ಮೊದಲಿನಿಂದಲೂ ಸಿಡುಕ. ನಂಜನಗೂಡಿನ ಮೆಕ್ಯಾನಿಕ್ ಒಬ್ಬ ಟ್ಯಾಪೆಟ್ ಸರಿಮಾಡುವಾಗ ಅಳತೆ ನೋಡದೆ, ಬೆರಳಲ್ಲೇ ಅಲುಗಾಡಿಸಿ ‘ಆಯ್ತು ಓಗಿ ಸಾ’ ಅಂದ. ಅವತ್ತೇ ಅವನ ಸಹವಾಸ ಬಿಟ್ಟೆ. ಮೈಸೂರಿನಿಂದ ಫೀಲರ್ ಗೇಜ್ ತಂದುಕೊಂಡೆ. ತೆಳ್ಳನೆಯ ಉಕ್ಕಿನ ಪಟ್ಟಿಗಳ ಗೊಂಚಲು ಅದು, ಒಂದೊಂದು ಪಟ್ಟಿ ಒಂದೊಂದು ದಪ್ಪ. ಇಂಜಿನ್ನಿನ ವಾಲ್ವಿಗೂ ಅದನ್ನು ಒತ್ತುವ ಟ್ಯಾಪೆಟ್ ತೋಳಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಹೆಚ್ಚಾದರೆ ಟಕಟಕ ಸದ್ದು, ಇಲ್ಲವೇ ಇಲ್ಲ ಅಂದರೆ ವಾಲ್ವೇ ಸುಟ್ಟುಹೋಗುತ್ತದೆ. ಅಳೆಯುವಾಗ ಇಂಜಿನ್ ತಣ್ಣಗಿರಬೇಕು. ಶನಿವಾರ ಸಂಜೆ ನಿಲ್ಲಿಸಿದ ಬೈಕನ್ನು ಭಾನುವಾರ ಬೆಳಗ್ಗೆ ಬಿಚ್ಚುವುದು ನನ್ನ ಪದ್ಧತಿ. ನಡುವೆ ಯಾರಾದರೂ ಸ್ಟಾರ್ಟ್ ಮಾಡಿದರೆ ಮನೆಯಲ್ಲಿ ರಂಪ.

ತೊಂಬತ್ತರ ದಶಕದ ಕೊನೆಯ ಒಂದು ಶನಿವಾರ ಸಂಜೆ ಪಕ್ಕದ ಅಂಗಡಿಗೆ ಸೋಸಲೆಯಿಂದ ಫೋನ್ ಬಂತು. ದೊಡ್ಡಮ್ಮನ ಮಗ.

‘ಅವ್ವಂಗೆ ಉಸಾರಿಲ್ಲ ಕಣೋ. ಚಿಕ್ಕವ್ವನ್ನ ನೋಡ್ಬೇಕು ಅಂತ ಒಂದೇ ಸಮ್ನೆ ಅಂತಾವ್ಳೆ. ಬೆಳಿಗ್ಗೇನೆ ಕರ್ಕಂಡು ಬಾ.’

ದೊಡ್ಡಮ್ಮ ಅಂದರೆ ಅಮ್ಮನ ಅಕ್ಕ. ಚಿಕ್ಕಂದಿನಲ್ಲೇ ತಾಯಿ ಕಳೆದುಕೊಂಡ ಅಮ್ಮನನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದವಳು. ಆದರೆ ಎರಡು ವರ್ಷದಿಂದ ಇಬ್ಬರಿಗೂ ಮಾತಿರಲಿಲ್ಲ. ನನ್ನ ಮದುವೆಗೆ ಅಮ್ಮ ಸೋಸಲೆಗೆ ಹೋಗಿ ಅರಿಶಿನ ಕುಂಕುಮ ಕೊಟ್ಟು ಕರೆಯದೆ, ಗಡಿಬಿಡಿಯಲ್ಲಿ ಲಗ್ನಪತ್ರಿಕೆಯನ್ನು ಅಂಚೆಗೆ ಹಾಕಿಬಿಟ್ಟಿದ್ದಳು. ‘ಅಂಚೇಲಿ ಕರಿಯಾಕೆ ನಾನೇನು ಬ್ಯಾರೇವ್ಳಾ?’ ಎಂದು ದೊಡ್ಡಮ್ಮ ಮದುವೆಗೆ ಬರಲೇ ಇಲ್ಲ. ಅಮ್ಮನೂ ಬಿಗಿದುಕೊಂಡಳು. ಈಗ ಅಕ್ಕನೇ ಹೇಳಿಕಳಿಸಿದ್ದಾಳೆ ಎಂದಾಗ ಅಮ್ಮ ಕಣ್ಣೊರೆಸಿಕೊಂಡು, ‘ಆರೂವರೆ ಬಸ್ಸಿಗೇ ಓಗ್ತೀನಿ. ಕಾಲಿಡ್ಕಂಡು ತಪ್ಪಾಯ್ತು ಅಂತೀನಿ’ ಅಂದಳು.

ಬೇಡ ಅಂದವನು ನಾನು. ನರಸೀಪುರದಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಯಾಕೆ ಕಾಯಬೇಕು, ಬೈಕಿನಲ್ಲಿ ಅದಕ್ಕಿಂತ ಮೊದಲೇ ಮುಟ್ಟಿಸುತ್ತೇನೆ ಎಂದು ಜಂಭ ಕೊಚ್ಚಿದೆ. ಟ್ಯಾಪೆಟ್ ಸ್ವಲ್ಪ ಸದ್ದು ಮಾಡುತ್ತಿತ್ತು. ಅರ್ಧ ಗಂಟೆಯ ಕೆಲಸ, ಎದ್ದ ತಕ್ಷಣ ಮುಗಿಸಿ ಹೊರಟರಾಯಿತು.

ಅವಸರದಲ್ಲಿ ಎಡವಟ್ಟಾಯಿತು. ಪಿಸ್ಟನ್ ಮೇಲಕ್ಕೆ ಬಂದ ಗುರುತು ನೋಡಿ ಸಂದು ಅಳೆಯಬೇಕು. ಆ ಗುರುತು ಎರಡು ಸಲ ಬರುತ್ತದೆ; ವಾಲ್ವುಗಳು ಪೂರ್ತಿ ಮುಚ್ಚಿರುವ ಸಲದ್ದೇ ಸರಿಯಾದದ್ದು. ಗೊತ್ತಿದ್ದೂ ಗೊತ್ತಿದ್ದೂ ಇನ್ನೊಂದರಲ್ಲಿ ಅಳೆದು, ಸಂದು ಹೊಂದಿಸಿ ಮುಚ್ಚಳ ಹಾಕಿದೆ. ಸ್ಟಾರ್ಟ್ ಮಾಡಿದರೆ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು. ಸರಿಹೋದೀತೇನೋ ಎಂದು ನಾಲ್ಕು ಬೀದಿ ಸುತ್ತಿ ಬಂದೆ. ಸರಿಹೋಗಲಿಲ್ಲ, ಇಂಜಿನ್ ಮಾತ್ರ ಕಾದುಹೋಯಿತು.

ಅಮ್ಮ ಮಡಿಲಲ್ಲಿ ಚೀಲ ಇಟ್ಟುಕೊಂಡು ಜಗುಲಿಯ ಮೇಲೆ ಕೂತಿದ್ದಳು. ‘ಓಡ್ತದಲ್ವಾ ಮಗ? ಓಡ್ತದೆ ಅಂದ್ಮೇಲೆ ಓಗವ ಬಾ.’

‘ಇಂಜಿನ್ ವಿಷ್ಯ ನಿಂಗೇನು ಗೊತ್ತು? ಸುಮ್ನೆ ಕೂತ್ಕೊ’ ಎಂದು ರೇಗಿದೆ.

ಈಗ ನಿಜ ಹೇಳುತ್ತೇನೆ. ಆ ಸದ್ದಿನಲ್ಲೇ ಸೋಸಲೆ ಮುಟ್ಟಬಹುದಿತ್ತು, ಇಂಜಿನ್ನಿಗೆ ಏನೂ ಆಗುತ್ತಿರಲಿಲ್ಲ. ಆದರೆ ದೊಡ್ಡಮ್ಮನ ಮಗ ಹಿಂದೊಮ್ಮೆ ‘ನಿನ್ ಗಾಡಿ ನರಸೀಪುರ ಬುಟ್ಟಾಗ್ಲೇ ನಮ್ಗೆ ಕೇಳ್ತದೆ ಕಣ್ಲಾ’ ಎಂದು ನಾಲ್ಕು ಜನರ ಮುಂದೆ ನಕ್ಕಿದ್ದ. ಇಂಥ ಸದ್ದು ಮಾಡಿಕೊಂಡು ಅವನ ಬಾಗಿಲಿಗೆ ಹೋಗಲು ನನಗೆ ನಾಚಿಕೆ. ಅಷ್ಟೇ ಕಾರಣ. ಮೊರ ತಂದು ಇಂಜಿನ್ನಿಗೆ ಗಾಳಿ ಬೀಸುತ್ತಾ ಕೂತೆ. ಅಮ್ಮ ಬಸ್ಸಿಗೆ ಹೋಗುತ್ತೇನೆಂದು ಎರಡು ಸಲ ಎದ್ದಳು. ಎರಡು ಸಲವೂ ‘ಇನ್ನೇನು ಆಯ್ತು’ ಎಂದು ಕೂರಿಸಿದೆ.

ಇಂಜಿನ್ ತಣ್ಣಗಾಗಿ, ಮತ್ತೆ ಬಿಚ್ಚಿ ಸರಿಯಾಗಿ ಅಳೆದು ಹೊರಟಾಗ ಹತ್ತೂವರೆ. ದಾರಿಯುದ್ದಕ್ಕೂ ಬೈಕ್ ಸೊಗಸಾಗಿ ಓಡಿತು. ನರಸೀಪುರ ದಾಟುವಾಗ ನನಗೆ ಒಳಗೊಳಗೇ ಖುಷಿಯಾಗಿತ್ತು ಎಂದು ಹೇಳಿಕೊಳ್ಳಲು ಇವತ್ತಿಗೂ ಹೇಸಿಗೆಯಾಗುತ್ತದೆ.

ದೊಡ್ಡಮ್ಮ ನಡುಮನೆಯಲ್ಲಿ ಮಲಗಿದ್ದಳು. ಕಣ್ಣು ಬಿಟ್ಟಿದ್ದಳು, ಬಾಯಿ ಒಂದು ಕಡೆಗೆ ವಾಲಿತ್ತು. ಒಂಬತ್ತೂವರೆಗೆ ಲಕ್ವ ಹೊಡೆದು ಮಾತು ನಿಂತಿತ್ತು. ಮೈಸೂರಿಗೆ ಕರೆದೊಯ್ಯಲು ಕಾರಿಗೆ ಹೇಳಿ ಕಾಯುತ್ತಿದ್ದರು. ಅವಳ ಮಗ ನನ್ನ ಬೈಕಿನ ಕಡೆ ತಿರುಗಿಯೂ ನೋಡಲಿಲ್ಲ. ‘ಬೆಳಿಗ್ಗಿಂದ ಬಸ್ಸಿನ ಆರನ್ ಕೇಳ್ದಾಗೆಲ್ಲ ಬಂದ್ಲಾ, ಬಂದ್ಲಾ ಅಂತಿದ್ಲು’ ಅಂದ.

ಅಮ್ಮ ಕಾಲು ಹಿಡಿದುಕೊಂಡು ‘ತಪ್ಪಾಯ್ತು ಕಣಕ್ಕ’ ಎಂದು ಅತ್ತಳು. ದೊಡ್ಡಮ್ಮನ ಗಂಟಲಿನಿಂದ ಏನೋ ಒಂದು ಸ್ವರ ಹೊರಟಿತು. ಅದು ಮಾತೋ ನರಳಾಟವೋ ತಿಳಿಯಲಿಲ್ಲ. ಆಮೇಲೆ ಅವಳು ನಾಲ್ಕು ತಿಂಗಳು ಬದುಕಿದ್ದಳು. ಮಾತು ಮರಳಲಿಲ್ಲ.

ತಿಥಿ ಮುಗಿಸಿ ಮನೆಗೆ ಬಂದ ಮಾರನೆಯ ದಿನ ಅಮ್ಮ ಅಕ್ಕಿ ಆರಿಸುತ್ತಾ ಇದ್ದಕ್ಕಿದ್ದಂತೆ ಕೇಳಿದಳು. ‘ಅವತ್ತು ಕಾಲಿಡ್ಕಂಡಾಗ ಅಕ್ಕ ಏನೋ ಅಂದ್ಲಲ್ಲ, ನಿಂಗೇನಾರ ಕೇಳುಸ್ತಾ ಮಗ?’

ಎರಡು ವರ್ಷದ ಮುನಿಸು ಕೊನೆಗೂ ಕಳೆಯಿತೋ ಇಲ್ಲವೋ ಎಂಬುದೊಂದೇ ಅವಳಿಗೆ ಬೇಕಾಗಿತ್ತು. ಅದನ್ನು ಅವಳ ಕೈಯಿಂದ ಕಿತ್ತುಕೊಂಡವನು ನಾನು. ಸುಳ್ಳನ್ನಾದರೂ ಕೊಡೋಣ ಅನ್ನಿಸಿತು.

‘ಕೇಳಿಸ್ತಮ್ಮ. ಬಂದ್ಯಾ ತಂಗಿ, ಅಂದ್ಲು.’

ಅಮ್ಮ ಅಕ್ಕಿಯಲ್ಲಿ ಬೆರಳಾಡಿಸುವುದನ್ನು ನಿಲ್ಲಿಸಿದಳು.

‘ಇಲ್ಲ ಮಗ. ಅವ್ಳು ನನ್ನ ತಂಗಿ ಅಂತ ಒಂದಿನಾನೂ ಕರುದೋಳಲ್ಲ. ಕೂಸೇ ಅಂತಿದ್ಲು.’