ತಂಗಿಗೆ ಉಸಿರು ಬಾರದ ಮಧ್ಯಾಹ್ನ

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ತುಮಕೂರಿನ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಚಿಕ್ಕಪೇಟೆಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಅಪ್ಪ, ಅಮ್ಮ, ತಂಗಿ ಗುಬ್ಬಿಯಲ್ಲಿದ್ದರು. ಅಪ್ಪನದು ಅಲ್ಲಿ ಕೊಬ್ಬರಿ ವ್ಯಾಪಾರ. ಒಂದು ಬೆಳಿಗ್ಗೆ ಮೂವರೂ ರೈಲಿಳಿದು ಜಟಕಾದಲ್ಲಿ ನನ್ನ ಬಾಗಿಲಿಗೆ ಬಂದರು. ತಂಗಿ ಹೊಟ್ಟೆಯ ಬಲಗಡೆ ಕೈ ಒತ್ತಿಕೊಂಡು, ಬಗ್ಗಿಕೊಂಡೇ ಇಳಿದಳು. ಅದೇ ಜಟಕಾ ತಿರುಗಿಸಿ ಒಬ್ಬ ಹಿರಿಯ ಸರ್ಜನ್ನರ ನರ್ಸಿಂಗ್ ಹೋಮಿಗೆ ಹೋದೆವು.

"ಅಪೆಂಡಿಕ್ಸ್. ಇವತ್ತೇ ತೆಗೀಬೇಕು" ಅಂದರು ಸರ್ಜನ್. ಪ್ರಜ್ಞೆ ತಪ್ಪಿಸುವ ಮದ್ದು ಕೊಡಲು ಬಂದವರು ಇನ್ನೊಬ್ಬ ಡಾಕ್ಟರು, ಚಿಕ್ಕ ವಯಸ್ಸಿನವರು, ಮದರಾಸಿನಲ್ಲಿ ಅದನ್ನೇ ಕಲಿತು ಬಂದಿದ್ದವರು. ತಂಗಿ ಒಳಗೆ ಹೋಗುವಾಗ, "ಅಕ್ಕಾ, ನೀನಿಲ್ಲೇ ಇರ್ತೀಯಾ ತಾನೆ?" ಅಂದಳು. "ಎಲ್ಲಿಗೋಗ್ತೀನೇ, ಇಲ್ಲೇ ಇರ್ತೀನಿ" ಅಂದೆ.

ಸ್ವಲ್ಪ ಹೊತ್ತಿಗೇ ಸರ್ಜನ್ ಹೊರಬಂದು, ಆಪರೇಷನ್ ಚೆನ್ನಾಗಿ ಆಯಿತು ಅಂದರು. ಆದರೆ ಹಾಗೆನ್ನುವಾಗ ಅವರು ನಮ್ಮ ಮುಖ ನೋಡಲಿಲ್ಲ. ಒಳಗಿಂದ ಯಾರೋ ಕೂಗಿದರು. ಅವರು ಮತ್ತೆ ಒಳಗೆ ಓಡಿದರು. ಒಬ್ಬಳು ನರ್ಸು ಆಕ್ಸಿಜನ್ ಸಿಲಿಂಡರನ್ನು ನೆಲದ ಮೇಲೆ ಉರುಳಿಸಿಕೊಂಡು ಹೋದಳು. ಆ ಕಬ್ಬಿಣದ ಸದ್ದಿಗೆ ಅಮ್ಮ ನನ್ನ ತೋಳು ಹಿಡಿದುಕೊಂಡಳು. ಅವಳ ಉಗುರು ನನ್ನ ಚರ್ಮಕ್ಕೆ ಇಳಿದದ್ದು ಆಮೇಲೆ ಗೊತ್ತಾಯಿತು.

ಚಿಕ್ಕ ಡಾಕ್ಟರು ಬಾಗಿಲು ಅರ್ಧ ತೆರೆದು ನಿಂತರು. ಹಣೆಯೆಲ್ಲ ಬೆವರು. "ನೀವಿಬ್ರೂ ಸಂಬಂಧದಲ್ಲೇ ಮದುವೆ ಆಗಿರೋದಾ?" ಅಂತ ಅಪ್ಪನನ್ನು ಕೇಳಿದರು.

ಇಂಥ ಹೊತ್ತಿನಲ್ಲಿ ಇದೆಂಥ ಪ್ರಶ್ನೆ ಎಂದು ಅಪ್ಪ ಕಕ್ಕಾಬಿಕ್ಕಿಯಾದರು. "ಹೂಂ, ಇವ್ಳು ನಮ್ಮಕ್ಕನ ಮಗ್ಳೇ. ಯಾಕೆ ಸ್ವಾಮಿ? ಏನಾಯ್ತು? ಹೋದ್ಲೇನ್ರೀ ನನ್ನ ಮಗ್ಳು?"

"ಇಲ್ಲ. ಉಸಿರಾಡ್ತಿಲ್ಲ, ಅಷ್ಟೆ. ಉಸಿರು ನಾವು ಕೊಡ್ತಿದೀವಿ."

ಉಸಿರಾಡ್ತಿಲ್ಲ, ಅಷ್ಟೆ! ಅಮ್ಮ ಅಲ್ಲೇ ಗೋಡೆಗೆ ಒರಗಿ ಕುಸಿದಳು. ಡಾಕ್ಟರು ನನ್ನ ಕಡೆ ತಿರುಗಿ, "ಮೇಡಂ, ನೀವು ಸೈನ್ಸ್ ಟೀಚರಂತೆ. ಒಳಗೆ ಬನ್ನಿ. ಒತ್ತೋಕೆ ಇನ್ನೊಂದು ಕೈ ಬೇಕು" ಅಂದರು.

ತಂಗಿ ಮೇಜಿನ ಮೇಲೆ ಮಲಗಿದ್ದಳು. ಬಾಯಲ್ಲಿ ಒಂದು ಕೊಳವೆ, ಅದರ ತುದಿಗೆ ಕಪ್ಪು ರಬ್ಬರಿನ ಚೀಲ. ನರ್ಸು ಚೀಲ ಒತ್ತಿದಾಗ ತಂಗಿಯ ಎದೆ ಏಳುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು. ಉಳಿದಂತೆ ಅವಳಲ್ಲಿ ಏನೂ ಅಲ್ಲಾಡುತ್ತಿರಲಿಲ್ಲ. ಕೈ ಎತ್ತಿದರೆ ಒದ್ದೆ ಬಟ್ಟೆಯಂತೆ ಬೀಳುತ್ತಿತ್ತು. ನಾನು ಚೀಲವನ್ನು ಕೈಗೆ ತೆಗೆದುಕೊಂಡೆ. ಇನ್ನು ಇವಳು ಬದುಕಿರುವುದು ನನ್ನ ಬೆರಳುಗಳಲ್ಲಿ ಎಂದು ಆಗ ತಿಳಿಯಿತು. ಕೆಮ್ಮು ಬಂದರೆ? ತಲೆ ಸುತ್ತಿದರೆ?

ಡಾಕ್ಟರು ನಾಡಿ ಹಿಡಿದುಕೊಂಡೇ ಮೆಲ್ಲಗೆ ಮಾತಾಡಿದರು. ನನಗೆ ಧೈರ್ಯ ಬರಲಿ ಎಂದೋ, ತಮಗೇ ಧೈರ್ಯ ಬೇಕಿತ್ತೋ. "ಮಕ್ಕಳಿಗೆ ಕಿಣ್ವದ ಪಾಠ ಮಾಡಿದೀರಾ?"

"ಮಾಡಿದೀನಿ. ಎಂಜಲು, ಗಂಜಿ, ಅಯೋಡಿನ್."

"ಅಂಥದೇ ಒಂದು ಕಿಣ್ವ ರಕ್ತದಲ್ಲಿದೆ. ಲಿವರ್ ಮಾಡಿ ಕಳಿಸುತ್ತೆ. ನಾನು ಕೊಟ್ಟದ್ದು ಸ್ನಾಯುಗಳನ್ನ ಸಡಿಲ ಮಾಡೋ ಇಂಜೆಕ್ಷನ್. ಗಂಟಲಿಗೆ ಟ್ಯೂಬ್ ಇಳಿಸೋಕೆ ಅದು ಬೇಕು. ಎಲ್ಲರ ರಕ್ತದಲ್ಲೂ ಆ ಕಿಣ್ವ ಔಷಧೀನ ಕೆಲವೇ ನಿಮಿಷದಲ್ಲಿ ತುಂಡು ಮಾಡಿ ಬಿಸಾಕುತ್ತೆ, ಉಸಿರು ತಾನಾಗೇ ಬರುತ್ತೆ. ನಿಮ್ಮ ತಂಗೀಲಿ ಆ ಕತ್ತರಿ ಹುಟ್ಟಿನಿಂದಲೇ ಮೊಂಡು ಅಂತ ಕಾಣುತ್ತೆ. ಅಪ್ಪ ಅಮ್ಮ ಇಬ್ಬರಿಂದಲೂ ಬಂದಾಗ ಹೀಗಾಗುತ್ತೆ, ಸಂಬಂಧದಲ್ಲಿ ಮದುವೆಯಾದೋರ ಮಕ್ಕಳಿಗೆ ಜಾಸ್ತಿ. ಪುಸ್ತಕದಲ್ಲಿ ಓದಿದ್ದೆ. ನೋಡಿರಲಿಲ್ಲ."

ತರಗತಿಯಲ್ಲಿ ನಾನು ಎಷ್ಟು ಸಲ ಆ ಪ್ರಯೋಗ ಮಾಡಿಸಿದ್ದೆ! ಹುಡುಗಿಯರು ನಾಚಿಕೊಂಡು ಪ್ರನಾಳಕ್ಕೆ ಎಂಜಲು ಉಗಿಯುತ್ತಿದ್ದರು. ಬೆಚ್ಚಗಿನ ಗಂಜಿಯಲ್ಲಿ ಪಿಷ್ಟ ಒಡೆದು ಅಯೋಡಿನ್ನಿನ ನೀಲಿ ಬಣ್ಣ ಹೋಗುತ್ತಿತ್ತು. ಸೋಡಾ ಅಂಗಡಿಯ ಐಸಿನಲ್ಲಿಟ್ಟದ್ದು ಬಹಳ ನಿಧಾನ. ಕುದಿಸಿದ ಎಂಜಲು ಹಾಕಿದರೆ ಎಷ್ಟು ಹೊತ್ತು ಕಾದರೂ ನೀಲಿ ನೀಲಿಯೇ. ಕಿಣ್ವ ತಾನು ಖರ್ಚಾಗುವುದಿಲ್ಲ, ಒಂದೇ ಕಣ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತದೆ, ಅದರ ರೂಪ ಕೆಟ್ಟರೆ ಕೆಲಸವೂ ಕೆಟ್ಟಿತು ಅಂತ ಬೋರ್ಡಿನ ಮೇಲೆ ಬರೆಸುತ್ತಿದ್ದೆ. ಅಲ್ಲಿ ಕೆಟ್ಟರೆ ಪ್ರನಾಳ ತೊಳೆದಿಟ್ಟು ಮನೆಗೆ ಹೋಗುತ್ತಿದ್ದೆವು.

"ಹಂಗಾದ್ರೆ ಬರೋದೇ ಇಲ್ವಾ ಉಸಿರು?"

"ಬರುತ್ತೆ. ಔಷಧಿ ನಿಧಾನವಾಗಿ ತಾನೇ ಸವೆಯುತ್ತೆ. ಅಲ್ಲೀತನಕ ಕೈ ನಿಲ್ಲಿಸಬಾರದು. ಮೈ ತಣ್ಣಗಾದ್ರೆ ಇನ್ನೂ ತಡ ಆಗುತ್ತೆ." ಅವರು ನರ್ಸಿಗೆ ಕಂಬಳಿ ತರಲು ಹೇಳಿದರು.

ಅಪ್ಪ ಬಾಗಿಲಿಗೆ ಬಂದು, "ನನ್ ರಕ್ತ ತಗೊಳ್ಳಿ, ಎಷ್ಟ್ ಬೇಕಾದ್ರೂ ತಗೊಳ್ಳಿ" ಅಂದರು. ಡಾಕ್ಟರು ಬೇಡವೆಂದು ತಲೆಯಾಡಿಸಿದರು. "ನಿಮ್ಮ ರಕ್ತದಲ್ಲೂ ಅದೇ ಕೊರತೆ ಇರಬಹುದು, ಯಜಮಾನ್ರೇ." ಅಪ್ಪನ ಮುಖ ಆಗ ಆದ ಬಗೆಯನ್ನು ನಾನು ಇವತ್ತಿಗೂ ಮರೆತಿಲ್ಲ.

ನಾನು, ನರ್ಸು, ಡಾಕ್ಟರು ಸರದಿಯ ಮೇಲೆ ಒತ್ತಿದೆವು. ಸರ್ಜನ್ ಒಮ್ಮೆ ಒಳಗೆ ಬಂದು ಇಳಿದನಿಯಲ್ಲಿ, "ಎಷ್ಟೊತ್ತೂಂತ ಒತ್ತೀರ್ರೀ ಹೀಗೆ?" ಅಂದರು. ಡಾಕ್ಟರು ನಾಡಿಯಿಂದ ಬೆರಳು ತೆಗೆಯದೆ, ಒತ್ತುತ್ತಲೇ ಇರಿ ಎಂದು ನನಗೆ ಸನ್ನೆ ಮಾಡಿದರು.

ಆಗಲೇ ನಾನು ನೋಡಿದ್ದು. ಮುಚ್ಚಿದ್ದ ತಂಗಿಯ ಕಣ್ಣಿನ ಕೊನೆಯಿಂದ ನೀರು ಇಳಿದು ಕಿವಿಯ ಕಡೆ ಹೋಗುತ್ತಿತ್ತು.

"ಡಾಕ್ಟರೇ, ಅಳ್ತಿದಾಳೆ!"

ಅವರು ರೆಪ್ಪೆ ಎತ್ತಿ ನೋಡಿದರು. ನಾಡಿ ಓಡುತ್ತಿತ್ತು. "ಅಯ್ಯೋ ದೇವರೇ, ಎಚ್ಚರ ಆಗಿದೆ" ಎಂದು ಸಿರಿಂಜಿಗೆ ಕೈಹಾಕಿದರು. ನಿದ್ದೆಯ ಮದ್ದಿನ ಅಮಲು ಇಳಿದಿತ್ತು, ಸ್ನಾಯುಗಳ ಕಟ್ಟು ಮಾತ್ರ ಬಿಟ್ಟಿರಲಿಲ್ಲ. ಅವಳಿಗೆ ಎಲ್ಲ ಕೇಳಿಸುತ್ತಿತ್ತು, ಹೊಲಿಗೆ ಹಾಕಿದ ಗಾಯ ಉರಿಯುತ್ತಿತ್ತು. ರೆಪ್ಪೆ ತೆರೆಯಲೂ ಶಕ್ತಿಯಿರಲಿಲ್ಲ. ನಾನು ಬಗ್ಗಿ ಅವಳ ಕಿವಿಗೆ ಬಾಯಿಟ್ಟೆ. "ನಾನು ಕಣೇ. ಚೀಲ ಒತ್ತುತಿರೋದು ನಾನೇ. ಬಿಡಲ್ಲ ಕಣೇ, ಬಿಡಲ್ಲ." ಡಾಕ್ಟರು ಮತ್ತೆ ನಿದ್ದೆ ಬರಿಸುವ ಮದ್ದು ಕೊಡುವವರೆಗೂ ಅದೊಂದನ್ನೇ ಹೇಳಿದೆ.

ಬಿಸಿಲು ಕಿಟಕಿಯಿಂದ ಇಳಿದುಹೋಗುವ ಹೊತ್ತಿಗೆ, ನಾನು ಒತ್ತದೆಯೇ ಚೀಲ ತುಸು ಸೆಳೆದಂತಾಯಿತು. ನನ್ನ ಕೈಯದೇ ನಡುಕ ಅಂದುಕೊಂಡೆ. ಮತ್ತೆ ಸೆಳೆಯಿತು, ಬಿಕ್ಕಳಿಕೆಯ ಹಾಗೆ. "ಬಂತು!" ಅಂದರು ಡಾಕ್ಟರು. ಆಮೇಲೂ ಬಹಳ ಹೊತ್ತು ಅವರು ನನ್ನನ್ನು ಕೈತೆಗೆಯಲು ಬಿಡಲಿಲ್ಲ. ಕೊನೆಗೆ ಕೊಳವೆ ತೆಗೆದಾಗ ತಂಗಿ ಕೆಮ್ಮಿದಳು. ಹೊರಗೆ ಅಮ್ಮ ಆ ಕೆಮ್ಮು ಕೇಳಿ ಜೋರಾಗಿ ಅತ್ತುಬಿಟ್ಟಳು.

ದನಿ ಸರಿಹೋದ ಮೇಲೆ ತಂಗಿ ನನಗೊಬ್ಬಳಿಗೇ ಹೇಳಿದಳು: "ಅಪ್ಪ ರಕ್ತ ತಗೊಳ್ಳಿ ಅಂದಿದ್ದು ಕೇಳಿಸ್ತು ಕಣಕ್ಕಾ. ಆ ದೊಡ್ಡ ಡಾಕ್ಟ್ರು ಎಷ್ಟೊತ್ತು ಅಂದಿದ್ದೂ. ನನ್ನ ಬಿಟ್‌ಬುಡ್ತಾರೆ ಅನ್ಕಂಡೆ."

ನಮ್ಮನ್ನು ಕಳಿಸುವ ಮುಂಚೆ ಚಿಕ್ಕ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ನಿಮಗೂ ಇರಬಹುದು, ಇಲ್ಲದೆಯೂ ಇರಬಹುದು. ಇಲ್ಲಿ ಪರೀಕ್ಷೆ ಮಾಡೋಕಾಗಲ್ಲ. ಇದೆ ಅಂತಲೇ ತಿಳ್ಕೊಳ್ಳಿ. ಆ ಇಂಜೆಕ್ಷನ್ ಹೆಸರು ಬಾಯಿಪಾಠ ಮಾಡ್ಕೊಳ್ಳಿ." ಸಕ್ಸಿನೈಲ್‌ಕೋಲಿನ್. ಅಮ್ಮ ಅದನ್ನು ದೇವರ ಮುಂದೆ ಕೂತು ಕಲಿತಳು. "ಸಕ್ಸಿಕೋಲಿ" ಅನ್ನುವುದಕ್ಕಿಂತ ಮುಂದೆ ಹೋಗಲಿಲ್ಲ.

ನನಗೆ ಮದುವೆಯಾಗಿ ಕುಣಿಗಲ್ಲಿಗೆ ಹೋದೆ. ಗಂಡನಿಗೆ ತಾಲ್ಲೂಕು ಕಚೇರಿಯಲ್ಲಿ ಕೆಲಸ. ಬಸುರಿನ ಒಂಬತ್ತು ತಿಂಗಳೂ ನನಗೆ ಹೆರಿಗೆಯ ಭಯವಿರಲಿಲ್ಲ, ಆ ಸೂಜಿಯದೇ ಭಯ. ನಿದ್ದೆಯಲ್ಲಿ ಕಣ್ಣು ತೆರೆಯಲಾಗದೆ ಒದ್ದಾಡಿ ಏಳುತ್ತಿದ್ದೆ. ಕೊನೆಗೆ ಮಗು ಅಡ್ಡ ತಿರುಗಿದೆ, ಕೊಯ್ಯಲೇಬೇಕು ಅಂದರು. ನಾನು ಅಲ್ಲಿನ ಡಾಕ್ಟರ ಮಣಿಕಟ್ಟು ಹಿಡಿದುಕೊಂಡೆ. ಹೆಸರು ಹೇಳಿ, ತಂಗಿಗಾದದ್ದನ್ನೆಲ್ಲ ನೋವಿನ ನಡುವೆ ಹೇಳಿದೆ. ಅವರು, "ಸರಿ ಬಿಡಮ್ಮ, ಮರಗಟ್ಟಿಸೋ ಮದ್ದು ಬೆನ್ನಿಗೇ ಕೊಡೋಣ. ಎಚ್ಚರವಾಗೇ ಇರ್ತೀಯ" ಅಂದರು. ಹೆಣ್ಣುಮಗು ಹುಟ್ಟಿತು.

ಬಾಣಂತನಕ್ಕೆ ತಂಗಿಯೇ ಬಂದಳು. ಮಗುವಿಗೆ ಹೊದಿಕೆ ಹೊದಿಸುವಾಗ ಮೂಗಿನ ಹತ್ತಿರ ಬೆರಳಿಟ್ಟು ನೋಡಿ, "ಇದುಕ್ಕೂ ಇರ್ಬೋದೇನಕ್ಕಾ?" ಅಂದಳು. ಗೊತ್ತಿಲ್ಲ ಅಂದೆ. ಮಗಳಿಗೆ ಮಾತು ಬಂದ ಮೇಲೆ, ಕಳೆದುಹೋದರೆ ಹೇಳಲಿ ಎಂದು ಅವಳ ಅಪ್ಪನ ಹೆಸರು, ಬೀದಿಯ ಹೆಸರು ಕಲಿಸುವಾಗ, ಆ ಇಂಜೆಕ್ಷನ್ನಿನ ಹೆಸರನ್ನೂ ಕಲಿಸಿದೆವು.