ಹನ್ನೆರಡರ ಪಾನಾ, ಹದಿಮೂರರ ಪಾನಾ

ಕಾರಿನ ಬಾನೆಟ್ ಎತ್ತಿದರೆ ಸಾಕು, ನನ್ನ ಎದೆ ಡವಡವ ಎನ್ನುತ್ತದೆ. ಹಾಗಿದ್ದೂ ಡಿಕ್ಕಿಯಲ್ಲಿ ಎಂಜಿನ್ನಿಗೆ ಹಾಕುವ ಒಂದು ಹೊಸ ಬೆಲ್ಟು, ಪಾನಾಗಳ ಒಂದು ಚೀಲ ಇಟ್ಟುಕೊಂಡೇ ತಿರುಗುತ್ತೇನೆ. ನಮ್ಮ ಕಡೆ ಸ್ಪ್ಯಾನರಿಗೆ ಪಾನಾ ಎನ್ನುತ್ತಾರೆ. ಅಂಜುಬುರುಕರ ಕಾರಿನಲ್ಲಿ ಸಾಮಾನು ಯಾವಾಗಲೂ ಜಾಸ್ತಿ. ಅದನ್ನು ಬಳಸುವ ಧೈರ್ಯವೊಂದೇ ಕಡಿಮೆ.

ಕಳೆದ ವರ್ಷ ನನ್ನ ಹೆಂಡತಿ ಗಿರಿಜೆಯ ಬಿ.ಎ. ಕೊನೆಯ ಪತ್ರಿಕೆ ಇತ್ತು. ಮದುವೆಯಿಂದ ನಿಂತುಹೋಗಿದ್ದ ಓದನ್ನು, ಮಗಳು ಹಾಸ್ಟೆಲ್ ಸೇರಿದ ಮೇಲೆ, ಹಟ ಹಿಡಿದು ಮುಂದುವರಿಸಿದ್ದಳು. ಅರ್ಥಶಾಸ್ತ್ರ ಹಿಂದಿನ ಸಲ ಕೈಕೊಟ್ಟಿತ್ತು. ಈ ಸಲವೂ ತಪ್ಪಿದರೆ ಮತ್ತೆ ಪರೀಕ್ಷೆಗೆ ಕೂರುವುದಿಲ್ಲ ಎಂದು ಹೇಳಿಬಿಟ್ಟಿದ್ದಳು. ಮಧ್ಯಾಹ್ನ ಅಣ್ಣಿಗೇರಿಯಲ್ಲಿ ಪರೀಕ್ಷೆ. ನಮ್ಮೂರು ಶಲವಡಿಯಿಂದ ಹೊರಟು ಹಳ್ಳದ ಸೇತುವೆ ದಾಟುತ್ತಿದ್ದಂತೆ ಎಂಜಿನ್ನಿನೊಳಗೆ ಪಟ್ ಎಂದು ಸದ್ದಾಯಿತು. ಬ್ಯಾಟರಿಯ ಕೆಂಪು ದೀಪ ಹತ್ತಿತು, ಬಿಸಿ ತೋರಿಸುವ ಮುಳ್ಳು ಏರತೊಡಗಿತು. ನಿಲ್ಲಿಸಿ ನೋಡಿದರೆ ಬೆಲ್ಟು ಹರಿದು ನೇತಾಡುತ್ತಿತ್ತು. ಎರಡೂ ಕಡೆ ಕಡಲೆ ಹೊಲ. ಬಸ್ಸು ನಮಗಿಂತ ಮೊದಲೇ ಹೋಗಿತ್ತು.

ಹೊಸ ಬೆಲ್ಟು ಹಾಕಬೇಕಾದರೆ ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರಿನ ಬೋಲ್ಟನ್ನು ಸಡಿಲಿಸಬೇಕು. ನನ್ನ ಕೈಯಲ್ಲಿದ್ದ ರಿಂಗ್ ಪಾನಾದ ಒಂದು ತುದಿ ಹನ್ನೆರಡು ಮಿಲಿಮೀಟರಿನದು, ಇನ್ನೊಂದು ಹದಿಮೂರರದು. ಹನ್ನೆರಡು ಕೂರಲೇ ಇಲ್ಲ. ಹದಿಮೂರು ಕೂತಿತು, ಆದರೆ ತುಸು ಅಲುಗಾಡಿತು. ನಾನು ಕನ್ನಡ ಮಾಸ್ತರ; ಹ್ರಸ್ವ ದೀರ್ಘ ತಪ್ಪಿದರೆ ಅರ್ಥವೇ ಕೆಡುತ್ತದೆ ಎಂದು ಮಕ್ಕಳಿಗೆ ಹೇಳುವವನು. ಹಾಡಿನಲ್ಲಾದರೆ ಒಂದು ಮಾತ್ರೆ ಹೆಚ್ಚುಕಡಿಮೆಯಾದರೂ ಎಳೆದು ಹೊಂದಿಸಬಹುದು, ಬೋಲ್ಟಿನ ಹತ್ತಿರ ಆ ಸಲಿಗೆ ನಡೆಯುವುದಿಲ್ಲ. ಸಡಿಲ ಪಾನಾ ಜಾರಿ ಬೋಲ್ಟಿನ ಮೂಲೆಗಳು ಸವೆದು ದುಂಡಗಾದರೆ, ಆಮೇಲೆ ಅದು ಯಾವ ಪಾನಾಕ್ಕೂ ಸಿಗದು.

ಎದುರಿನಿಂದ ಬಂದ ಟ್ರ್ಯಾಕ್ಟರಿನವನು ಇಳಿದು ಬಗ್ಗಿ ನೋಡಿದ.

“ಹದಿಮೂರ ಕೂಡತೈತಲ್ರಿ ಸರ. ಹಾಕಿ ಜೋರ್ ಒತ್ರಿ.”

“ಜಾರಿದ್ರ?”

“ಜಾರಿದ್ರ ಜಾರತೈತ್ರಿ.”

ಅವನ ಸಮಾಧಾನ ಕಂಡು ನಾನು ಇನ್ನಷ್ಟು ಬೆವರಿದೆ. ಪುಸ್ತಕ ಮುಚ್ಚಿ ಗಿರಿಜೆ ಇಳಿದು ಬಂದಳು.

“ಯಾಕ ನಿಂತ್ರಿ?”

“ಹನ್ನೆರಡೋ ಹದಿಮೂರೋ ತಿಳೀವಲ್ದು.”

ಅವಳು ಬೋಲ್ಟಿನ ತಲೆಯ ಮೇಲೆ ಬೆರಳಾಡಿಸಿದಳು. “ಇದಕ್ಕ ಮಣ್ಣ ಮೆತ್ತೇತ್ರಿ. ಮೊದಲ ಕೆರೀರಿ.”

ಎರೆಮಣ್ಣು ಎಣ್ಣೆಯೊಂದಿಗೆ ಕೂಡಿ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಕೊಟ್ಟಳು. ನಾನು ಮೂಲೆಮೂಲೆ ಕೆರೆದೆ, ಟ್ರ್ಯಾಕ್ಟರಿನವನು ತನ್ನ ಟವೆಲಿನಿಂದ ಒರೆಸಿದ. ಈಗ ಹನ್ನೆರಡು ಅಲುಗಾಡದೆ ಕೂತಿತು. ಉಸಿರು ಬಿಗಿಹಿಡಿದು ಒತ್ತಿದೆ. ಕರ್ ಎಂದಿತು. ಬೋಲ್ಟು ಮುರಿಯಿತು ಎಂದು ಕಣ್ಣು ಮುಚ್ಚಿಕೊಂಡೆ.

“ಸಡ್ಲ ಆತ್ರಿ, ಕಣ್ಣ ತಗೀರಿ” ಎಂದಳು ಗಿರಿಜೆ.

ನಾನು ಹೊಸ ಬೆಲ್ಟು ತೊಡಿಸಿದೆ, ಟ್ರ್ಯಾಕ್ಟರಿನವನು ಕಬ್ಬಿಣದ ಸರಳಿನಿಂದ ಆಲ್ಟರ್ನೇಟರನ್ನು ಹೊರಕ್ಕೆ ಮೀಟಿ ಹಿಡಿದ. ಬೆಲ್ಟನ್ನು ಗಿರಿಜೆ ಹೆಬ್ಬೆರಳಿನಿಂದ ಒತ್ತಿ, ತೀರ ಬಿಗಿಯೂ ಅಲ್ಲ ಸಡಿಲವೂ ಅಲ್ಲ ಎನ್ನಿಸಿದಾಗ ತಲೆಯಾಡಿಸಿದಳು. ನಾನು ಬೋಲ್ಟು ಬಿಗಿದೆ.

ಅಣ್ಣಿಗೇರಿ ತಲುಪಿದಾಗ ಪ್ರಶ್ನೆಪತ್ರಿಕೆ ಹಂಚಿಯಾಗಿತ್ತು. ಬಾಗಿಲಲ್ಲಿದ್ದ ಮೇಲ್ವಿಚಾರಕರು ಅವಳ ಎಣ್ಣೆಮಸಿ ಹತ್ತಿದ ಕೈಗಳನ್ನು ನೋಡಿ ಒಳಗೆ ಬಿಟ್ಟರು. ನಾನು ಹೊರಗೆ ಬೇವಿನ ಮರದಡಿ ಕೂತೆ. ಕೂತೆ ಎನ್ನುವುದು ಹೆಸರಿಗೆ ಮಾತ್ರ. ಬೋಲ್ಟು ಸರಿಯಾಗಿ ಬಿಗಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ಹೋಗಿ ಬಾನೆಟ್ ಎತ್ತಿ ನೋಡಿದೆ.

ಕೊನೆಗೆ ಅವಳು ಬಂದಳು.

“ಹೆಂಗಾತು?”

“ಛಲೋ ಆತ್ರಿ. ಒಂದ ಪ್ರಶ್ನೆ ಬಿಟ್ಟು ಎಲ್ಲಾ ಬರದೆ.”

“ಅಂಜಿಕಿ ಆಗಲಿಲ್ಲ?”

“ಮುಂಜಾನಿಂದ ಆಗಿತ್ರಿ. ದಾರ್ಯಾಗ ನಿಮ್ಮ ಮಾರಿ ನೋಡಿ ಅಂಜೂದ ಬಿಟ್ಟಬಿಟ್ಟೆ. ಇಬ್ಬರೂ ಅಂಜಿಕೋತ ಕುಂತ್ರ ಬೆಲ್ಟ್ ಹಾಕಾವ್ರ ಯಾರ್ರಿ?”

ಅವಳು ಪಾಸಾದಳು. ಅಂದಿನಿಂದ ನಮ್ಮ ಮನೆಯಲ್ಲಿ ಅಂಜುವ ಕೆಲಸ ಪೂರ್ತಿ ನನ್ನ ಪಾಲಿಗೆ ಬಂದಿದೆ. ನಾನೂ ಶ್ರದ್ಧೆಯಿಂದಲೇ ಮಾಡುತ್ತಿದ್ದೇನೆ. ಅದನ್ನೂ ಯಾರಾದರೂ ಒಬ್ಬರು ಮಾಡಲೇಬೇಕಲ್ಲ.